ಬೈತಲೆಯ ನೇರಕ್ಕೊಂದು ಕಾಲುವೆ

ಹೊಸದುರ್ಗದ ಕಡೆ ತೆಂಗಿನ ತೋಟದಲ್ಲಿ ಓಡಾಡುವವರ ಕಣ್ಣು ಆಗಾಗ ಮೇಲೆ ಹೋಗುತ್ತದೆ. ಕಾಯಿ ನೆತ್ತಿಗೆ ಬಿದ್ದರೆ ಬುರುಡೆ ಒಳಕ್ಕೆ ಕುಸಿಯಬಹುದು. ಚಿತ್ರದುರ್ಗ–ದಾವಣಗೆರೆ ಹೆದ್ದಾರಿಯಲ್ಲಿ ಹೆಲ್ಮೆಟ್ ಇಲ್ಲದೆ ಬೈಕಿನಿಂದ ಬಿದ್ದರೂ ಅಷ್ಟೇ.

ನೆತ್ತಿಯ ಮೂಳೆಯ ಕೆಳಗೆ ಒಂದು ದೊಡ್ಡ ರಕ್ತನಾಳವಿದೆ. ಇದಕ್ಕೂ ಸೈನಸ್ ಅಂತಲೇ ಹೆಸರು. ಮೂಗಿನ ಸೈನಸ್ ಬೇರೆ. ಇದು ಹಣೆಯಿಂದ ಹಿಂದಲೆಯವರೆಗೆ, ಬೈತಲೆ ತೆಗೆದ ನೇರಕ್ಕೆ ಹೋಗುತ್ತದೆ. ಮಿದುಳಿಗೆ ನಿಮಿಷಕ್ಕೆ ಸುಮಾರು 750 ಮಿ.ಲೀ. ರಕ್ತ ಬರುತ್ತದೆ. ಅದು ಹೃದಯಕ್ಕೆ ವಾಪಸ್ ಹೋಗುವುದು ಹೆಚ್ಚಾಗಿ ಇಂಥ ಸೈನಸ್‌ಗಳ ಮೂಲಕ.

ಕೈಯ ರಕ್ತನಾಳ ಕುಯ್ದರೆ ಮುದುಡಿಕೊಳ್ಳುತ್ತದೆ. ಸೈನಸ್ ಮುದುಡುವುದಿಲ್ಲ. ಮಿದುಳಿನ ಗಟ್ಟಿ ಪೊರೆಯ ಪದರಗಳು ಅದನ್ನು ಬಿಗಿಯಾಗಿ ಎಳೆದು ಹಿಡಿದಿರುತ್ತವೆ. ಹರಿದರೆ ಬಾಯಿ ತೆರೆದೇ ಇರುತ್ತದೆ. ಆಪರೇಷನ್ ಟೇಬಲ್ ಮೇಲೆ ತಲೆ ತಗ್ಗಿದರೆ ರಕ್ತ ಜಾಸ್ತಿ ಹರಿಯುತ್ತದೆ. ತುಂಬಾ ಎತ್ತಿದರೆ ಗಾಳಿ ಒಳಗೆ ಸೇರಿ ಹೃದಯ ತಲುಪಬಹುದು. ಅದಕ್ಕೇ ತಲೆಯನ್ನು ಸ್ವಲ್ಪ ಮಾತ್ರ ಎತ್ತಿಡುತ್ತಾರೆ.

ಎಷ್ಟೋ ಸಲ ಒಳಗೆ ಚುಚ್ಚಿಕೊಂಡ ಮೂಳೆ ಚೂರೇ ಬಿರಡೆಯ ಹಾಗೆ ರಕ್ತ ತಡೆದಿರುತ್ತದೆ. ದಯವಿಟ್ಟು ಗಾಯದಲ್ಲಿ ಕಾಣುವ ಚೂರನ್ನು ಕೀಳಬೇಡಿ, ಕಾಫಿಪುಡಿ ತುಂಬಬೇಡಿ. ಚೊಕ್ಕ ಬಟ್ಟೆಯನ್ನು ಮೇಲೆ ಹಗುರವಾಗಿ ಇಟ್ಟು 108ಕ್ಕೆ ಫೋನ್ ಮಾಡಿ. ಚರ್ಮ ಹರಿಯದೆ, ಮಿದುಳಿಗೂ ತೊಂದರೆಯಾಗದೆ ಇದ್ದರೆ ಡಾಕ್ಟರೂ ಕೆಲವೊಮ್ಮೆ ಆ ಚೂರನ್ನು ಮುಟ್ಟದೆ ಬಿಡುತ್ತಾರೆ.

ಆಪರೇಷನ್ ಬೇಕೇ ಆದರೆ ಮೊದಲು ರಕ್ತದ ಬಾಟಲಿಗಳು ತಯಾರಾಗಬೇಕು. ಸುತ್ತಲಿನ ಮೂಳೆ ತೆಗೆದು, ಸೈನಸ್ಸಿನ ಎರಡೂ ಬದಿ ಕಾಣುವ ಹಾಗೆ ಮಾಡಿಕೊಂಡು, ಬಿರಡೆಯಾಗಿರುವ ಚೂರನ್ನು ಕೊನೆಗೆ ಎತ್ತುತ್ತಾರೆ. ರಕ್ತ ಬುಳಬುಳ ಉಕ್ಕುತ್ತದೆ. ಆಗ ಕೈಗೆ ಬರುವ ಮೊದಲ ಉಪಕರಣ ಬೆರಳೇ. ಕೆಳಗೆ ರಕ್ತ ನಿಲ್ಲಿಸುವ ಸ್ಪಂಜಿನಂಥ ಜೆಲ್‌ಫೋಮ್ ತುಂಡು, ಅದರ ಮೇಲೆ ಒದ್ದೆ ಹತ್ತಿ, ಅದರ ಮೇಲೆ ಬೆರಳ ತುದಿ. ಜೋರಾಗಿ ಒತ್ತಿದರೆ ಕಾಲುವೆಯೇ ಮುಚ್ಚಿಹೋಗುತ್ತದೆ. ಹದವಾಗಿ ಒತ್ತಿ, ಸುಮ್ನೆ ಕಾಯಬೇಕು. ಈ ಕಾಯುವುದೇ ಎಲ್ಲಕ್ಕಿಂತ ಕಷ್ಟದ ಕೆಲಸ ಅಂತ ನನಗನ್ನಿಸುತ್ತದೆ.

ಸಣ್ಣ ಹರುಕು ಇಷ್ಟಕ್ಕೇ ನಿಲ್ಲುತ್ತದೆ. ದೊಡ್ಡದಾದರೆ ಹೊಲಿಗೆ, ಇಲ್ಲವೇ ಬುರುಡೆಯ ಮೇಲಿನ ಪೊರೆಯಿಂದ ತೇಪೆ. ಸೈನಸ್ಸಿನ ಮುಂದಿನ ಮೂರನೇ ಒಂದು ಭಾಗವನ್ನು ಅನಿವಾರ್ಯವಾದರೆ ಕಟ್ಟಿಬಿಡಬಹುದು. ಹಿಂದಿನದನ್ನು ಕಟ್ಟಿದರೆ ರಕ್ತಕ್ಕೆ ದಾರಿಯಿಲ್ಲದೆ ಮಿದುಳು ಊದಿಕೊಳ್ಳುವ ಅಪಾಯವಿದೆ. ಮೊದಲ ಮಹಾಯುದ್ಧದಲ್ಲಿ ಇಲ್ಲೇ ಪೆಟ್ಟು ತಿಂದ ಸೈನಿಕರ ಕಾಲುಗಳು ಸೆಟೆದುಕೊಳ್ಳುವುದನ್ನು ಬ್ರಿಟಿಷ್ ಡಾಕ್ಟರುಗಳಾದ ಹೋಮ್ಸ್ ಮತ್ತು ಸಾರ್ಜೆಂಟ್ 1915ರಲ್ಲೇ ಬರೆದಿಟ್ಟಿದ್ದರು.

ಬೆರಳು ಒತ್ತಿ ಹಿಡಿದಿರುವಷ್ಟು ಹೊತ್ತೂ ಅರಿವಳಿಕೆ ಡಾಕ್ಟರ್ ಕಣ್ಣು ಮಾನಿಟರ್ ಮೇಲಿರುತ್ತದೆ. ಉಸಿರಿನ ಇಂಗಾಲದ ಡೈಆಕ್ಸೈಡ್ ಲೆಕ್ಕ ದಿಢೀರ್ ಇಳಿಯಿತೋ, ಗಾಳಿ ಒಳಗೆ ಹೋಗಿರಬಹುದು. ತಕ್ಷಣ ಗಾಯಕ್ಕೆ ಸಲೈನ್ ಸುರಿದು, ತಲೆ ಕಡೆಯನ್ನು ಕೆಳಗೆ ಇಳಿಸುತ್ತಾರೆ.