ಟ್ಯಾನ್ ಇನ್ವರ್ಸ್ ಪಕ್ಕದಲ್ಲಿ ಆ 1 ಎಲ್ಲಿಂದ ಬಂತು?

ದ್ವಿತೀಯ ಪಿಯು ತರಗತಿಯಲ್ಲಿ ಟ್ಯಾನ್ ಇನ್ವರ್ಸ್ ಎಕ್ಸ್‌ನ (ಯಾವ ಕೋನದ ಟ್ಯಾನ್ ಎಕ್ಸ್ ಆಗುತ್ತದೋ ಆ ಕೋನ) ಅನುಕಲನ, ಅಂದರೆ ಇಂಟಿಗ್ರೇಷನ್, ಬೋರ್ಡಿಗೆ ಬಂದ ದಿನ ಒಂದು ಸಣ್ಣ ಕೈಚಳಕ ನಡೆಯುತ್ತದೆ. ಮೇಷ್ಟ್ರು ಸದ್ದಿಲ್ಲದೆ ಪಕ್ಕದಲ್ಲೊಂದು 1 ಬರೆಯುತ್ತಾರೆ. ಇದ್ದದ್ದು ಒಂದೇ ಫಲನ, ಈಗ ಎರಡಾಯಿತು. ಇನ್ನು ಎರಡು ಫಲನಗಳ ಗುಣಲಬ್ಧವನ್ನು ಅನುಕಲಿಸುವ ಸೂತ್ರ, ಇಂಟಿಗ್ರೇಷನ್ ಬೈ ಪಾರ್ಟ್ಸ್ ಹಾಕಬಹುದು. ನಾಲ್ಕೈದು ಸಾಲಿನಲ್ಲಿ ಉತ್ತರ ಸಿದ್ಧ: ಎಕ್ಸ್ ಗುಣಿಸು ಟ್ಯಾನ್ ಇನ್ವರ್ಸ್ ಎಕ್ಸ್, ಅದರಿಂದ (1 + ಎಕ್ಸ್ ವರ್ಗ) ಇದರ ಲಾಗ್‌ನ ಅರ್ಧ ಕಳೆ, ಕೊನೆಗೆ ಮರೆಯದೆ ಒಂದು ಸಿ. 'ಸಾರ್, ಆ 1 ಯಾಕೆ?' ಎಂದು ನಾನೂ ಕೇಳಿದ್ದೆ. 'ಹಾಗೆ ಹಾಕಿದ್ರೆ ಬರುತ್ತೆ, ಬರ್ಕೋ' ಎಂದರು.

ಟ್ಯಾನ್ ಇನ್ವರ್ಸ್‌ನಂಥ ವಿಲೋಮ (ಇನ್ವರ್ಸ್) ಫಲನಗಳು ಕಲನಶಾಸ್ತ್ರಕ್ಕಿಂತ ಹಳೆಯವು. ಜ್ಯಾ ಗೊತ್ತು, ಚಾಪ ಎಷ್ಟು ಎಂಬುದು ನಮ್ಮ ಖಗೋಳಜ್ಞರಿಗೆ ದಿನನಿತ್ಯದ ಪ್ರಶ್ನೆ. ಜ್ಯಾ ಎಂದರೆ ಬಿಲ್ಲಿನ ಹೆದೆ, ಚಾಪ ಎಂದರೆ ಬಿಲ್ಲು. ಸೈನ್ ಇನ್ವರ್ಸನ್ನೇ ಆರ್ಕ್‌ಸೈನ್ ಎನ್ನುವಾಗಿನ 'ಆರ್ಕ್' ಹುಟ್ಟಿದ್ದು ಲ್ಯಾಟಿನ್ನಿನ ಆರ್ಕಸ್‌ನಿಂದ. ಅದಕ್ಕೂ ಬಿಲ್ಲು ಎಂದೇ ಅರ್ಥ! ಕೇರಳದ ಸಂಗಮಗ್ರಾಮದ ಮಾಧವ 14ನೇ ಶತಮಾನದಲ್ಲಿಯೇ ಟ್ಯಾನ್ ಇನ್ವರ್ಸ್‌ನ ಅನಂತ ಶ್ರೇಣಿಯನ್ನು ಕಂಡುಕೊಂಡಿದ್ದ. ಸುಮಾರು 1530ರಲ್ಲಿ ಜ್ಯೇಷ್ಠದೇವ ಮಲಯಾಳದಲ್ಲಿ ಬರೆದ 'ಯುಕ್ತಿಭಾಷಾ'ದಲ್ಲಿ ಅದರ ಉಪಪತ್ತಿಯಿದೆ: ಸ್ಪರ್ಶರೇಖೆಯನ್ನು ಸಣ್ಣ ಸಣ್ಣ ತುಂಡು ಮಾಡಿ, ಒಂದೊಂದು ತುಂಡಿಗೂ ತಗಲುವ ಚಾಪವನ್ನು ಲೆಕ್ಕಹಾಕಿ, ಎಲ್ಲವನ್ನೂ ಕೂಡುವುದು. ಅದೇ ಶ್ರೇಣಿ ಯುರೋಪಿನಲ್ಲಿ ಜೇಮ್ಸ್ ಗ್ರೆಗೊರಿಗೆ ಸಿಕ್ಕಿದ್ದು 1671ರಲ್ಲಿ.

ಬೈ ಪಾರ್ಟ್ಸ್ ಸೂತ್ರವನ್ನು ಸಾಮಾನ್ಯವಾಗಿ ಬ್ರೂಕ್ ಟೇಲರ್‌ನ 1715ರ ಪುಸ್ತಕದ ಲೆಕ್ಕಕ್ಕೆ ಬರೆಯುತ್ತಾರೆ. ನನ್ನನ್ನು ಕೇಳಿದರೆ ಕಥೆ ಶುರುವಾಗುವುದು 1675ರ ಅಕ್ಟೋಬರ್ 26ರಂದು, ಪ್ಯಾರಿಸ್ಸಿನಲ್ಲಿ ಲೈಬ್ನಿಟ್ಸ್ ಬರೆದಿಟ್ಟ ಒಂದು ಹಾಳೆಯಲ್ಲಿ. ವಕ್ರರೇಖೆಯ ಒಂದು ಮಗ್ಗುಲಿನ ಮೊತ್ತ ಬೇಕಿದ್ದರೆ ಪೂರ್ತಿ ಆಯತದಿಂದ ಇನ್ನೊಂದು ಮಗ್ಗುಲಿನ ಮೊತ್ತವನ್ನು ಕಳೆಯಬೇಕು ಎಂಬ ಅರ್ಥದ ಸೂತ್ರ ಅಲ್ಲಿದೆ. ಮೊತ್ತಕ್ಕೆ ಆತ ಬಳಸಿದ್ದು 'ಆಮ್ನಿಯಾ', ಅಂದರೆ 'ಎಲ್ಲವೂ' ಎಂಬ ಪದದ ಹ್ರಸ್ವರೂಪ. ಇಂದು ನಾವು ಬರೆಯುವ ಉದ್ದನೆಯ ಎಸ್‌ನಂಥ ಅನುಕಲನ ಚಿಹ್ನೆ ಅವನ ಹಾಳೆಗೆ ಬಂದದ್ದು ಅಕ್ಟೋಬರ್ 29ಕ್ಕೆ. ಬೈ ಪಾರ್ಟ್ಸ್ ಆ ಚಿಹ್ನೆಗಿಂತ ಮೂರು ದಿನ ದೊಡ್ಡದು.

ವಿಲೋಮ ಫಲನಗಳಲ್ಲಿ ಗೊಂದಲ ಹುಟ್ಟಿಸಿದ್ದು ಅವನ್ನು ಬರೆಯುವ ರೀತಿ. 1729ರಲ್ಲಿ ಡೇನಿಯಲ್ ಬರ್ನೂಲಿ ಆರ್ಕ್‌ಸೈನ್‌ಗೆ ಎರಡಕ್ಷರದ ಗುರುತು ಬಳಸಿದ. 1736ರಲ್ಲಿ ಆಯ್ಲರ್ ಆರ್ಕ್‌ಟ್ಯಾನ್‌ಗೂ ಅಂಥದ್ದೇ ಒಂದನ್ನು ಮಾಡಿಕೊಂಡ. ತಲೆಯ ಮೇಲೆ -1 ಕೂರಿಸಿದವನು ಜಾನ್ ಹರ್ಷೆಲ್, 1813ರಲ್ಲಿ. ಅದನ್ನು ಘಾತವೆಂದು ಓದಿ ಟ್ಯಾನ್ ಇನ್ವರ್ಸನ್ನು ಕಾಟ್ (1/ಟ್ಯಾನ್) ಮಾಡಿದ ಮಕ್ಕಳ ಶಾಪವೆಲ್ಲ ಅವನಿಗೇ ತಟ್ಟಬೇಕು.

ಇನ್ನು 'ಐಲೇಟ್'. ಇನ್ವರ್ಸ್, ಲಾಗ್, ಆಲ್ಜಿಬ್ರಾ, ಟ್ರಿಗೊನೊಮೆಟ್ರಿ, ಎಕ್ಸ್‌ಪೊನೆನ್ಷಿಯಲ್: ಬೈ ಪಾರ್ಟ್ಸ್‌ನಲ್ಲಿ ಯಾವುದನ್ನು ಮೊದಲ ಫಲನವಾಗಿ ಹಿಡಿಯಬೇಕೆಂಬ ಸರದಿ. ಹರ್ಬರ್ಟ್ ಕಸೂಬೆ 1983ರಲ್ಲಿ 'ಅಮೆರಿಕನ್ ಮ್ಯಾಥಮ್ಯಾಟಿಕಲ್ ಮಂತ್ಲಿ'ಯಲ್ಲಿ ಬರೆದಾಗ ಅದರ ರೂಪ 'ಲಯೇಟ್', ಲಾಗ್ ಮುಂದೆ. ನಮ್ಮಲ್ಲಿ ಇನ್ವರ್ಸ್ ಮುಂದೆ. ಲಾಗ್, ಇನ್ವರ್ಸ್ ಎರಡೂ ಒಂದೇ ಲೆಕ್ಕದಲ್ಲಿ ಎದುರಾಗುವುದು ಅಪರೂಪ, ಹಾಗಾಗಿ ಜಗಳವಿಲ್ಲ. ಅಂಕ ತರುವ ಸೂತ್ರ ಅದು, ಬೈಯುವುದಿಲ್ಲ. ಆದರೆ ಲೈಬ್ನಿಟ್ಸ್ ಕಂಡ ಆಯತ ಅದರ ಹಿಂದೆ ಪೂರ್ತಿ ಮರೆಯಾಗುತ್ತದೆ.

ವಿಲೋಮ ಫಲನಗಳ ಮಟ್ಟಿಗೆ ಆ ಆಯತವನ್ನು ಸೂತ್ರವಾಗಿ ಬರೆದು 1905ರಲ್ಲಿ ಪ್ರಕಟಿಸಿದವನು ಫ್ರಾನ್ಸಿನ ಶಾರ್ಲ್-ಆಂಜ್ ಲೆಸಾಂ. ರಾಜಕಾರಣಿ, ಜೊತೆಗೆ ಗಣಿತ ಬೋಧನೆಗೆಂದೇ ಪತ್ರಿಕೆ ಕಟ್ಟಿದವ. ಅವನ ಮಾತನ್ನು ನೋಟ್‌ಬುಕ್ಕಿನಲ್ಲೇ ನೋಡಬಹುದು. ಟ್ಯಾನ್ ಇನ್ವರ್ಸ್‌ನ ರೇಖೆಯನ್ನು 0ಯಿಂದ 1ರವರೆಗೆ ಎಳೆಯಿರಿ. ಅದು ಪೈ/4 ಎತ್ತರಕ್ಕೆ ಹೋಗಿ ನಿಲ್ಲುತ್ತದೆ. 1 ಅಗಲ, ಪೈ/4 ಎತ್ತರದ ಆಯತವನ್ನು ಅದರ ಸುತ್ತ ಕಟ್ಟಿ. ಒಟ್ಟು ಕ್ಷೇತ್ರಫಲ 0.7854. ರೇಖೆ ಅದನ್ನು ಎರಡು ತುಂಡು ಮಾಡಿದೆ: ಕೆಳಗಿನದು ನಮಗೆ ಬೇಕಾದದ್ದು. ಮೇಲಿನದನ್ನು ತಿಳಿಯಲು ಪುಸ್ತಕವನ್ನು ಅಡ್ಡ ತಿರುಗಿಸಿ, ಎಡದ ಲಂಬಾಕ್ಷವನ್ನು ತಳವೆಂದುಕೊಳ್ಳಿ. ಅದೇ ರೇಖೆ ಈಗ ನಮ್ಮ ಹಳೇ ಪರಿಚಯದ ಟ್ಯಾನ್! 0ಯಿಂದ ಪೈ/4ರವರೆಗೆ ಟ್ಯಾನ್‌ನ ಅನುಕಲ ಲಾಗ್ 2ರ ಅರ್ಧ, ಅಂದರೆ 0.3466. ಕಳೆದರೆ ಉಳಿಯುವುದು 0.4388.

ಮೇಷ್ಟ್ರು ಪಕ್ಕದಲ್ಲಿ ಬರೆದ 1ನ್ನು ಅನುಕಲಿಸಿದರೆ ಎಕ್ಸ್ ಬರುತ್ತದಲ್ಲ, ಆ ಎಕ್ಸ್ ಈ ಆಯತದ ಅಗಲ. ಅದನ್ನು ಹೊಸದಾಗಿ ತಂದು ಸೇರಿಸಬೇಕಾಗಿಯೇ ಇರಲಿಲ್ಲ, ಡಿಎಕ್ಸ್ ಜೊತೆಯಲ್ಲಿ ಮೊದಲಿನಿಂದಲೂ ಇತ್ತು.

ಸೈನ್ ಇನ್ವರ್ಸ್‌ಗಂತೂ ಬಾಯಿಲೆಕ್ಕ ಸಾಕು. 0ಯಿಂದ 1ರವರೆಗೆ ಎಳೆದರೆ 1 ಅಗಲ, ಪೈ/2 ಎತ್ತರದ ಆಯತ. ಮೇಲಿನ ತುಂಡು ಸೈನ್‌ನದು, ಅದರ ಕ್ಷೇತ್ರಫಲ ಸರಿಯಾಗಿ 1. ಉಳಿದದ್ದು ಪೈ/2 - 1. ಪರೀಕ್ಷೆಯಲ್ಲಿ ಮಾತ್ರ ಸ್ಟೆಪ್ಸ್‌ಗೂ ಅಂಕ ಇರುತ್ತದೆ, ಅಲ್ಲಿ ಆ 1 ಬರೆದೇ ಮುಂದೆ ಹೋಗಿ.