ಹರಿವೆ ಬಿತ್ತುವ ಮೊದಲು ಮಣ್ಣಿನ ಪೂರ್ವಾಪರ ಕೇಳಿ

ಮಳೆಗಾಲ ಹತ್ತಿರ ಬಂತೆಂದರೆ ನಮ್ಮ ಲ್ಯಾಬಿಗೆ ಕವರಲ್ಲಿ ಮಣ್ಣು ಹಿಡಿದು ಬರುವವರು ಜಾಸ್ತಿ. ರೈತರಷ್ಟೇ ಅಲ್ಲ, ಶಿವಮೊಗ್ಗ ಪೇಟೆಯವರೂ. ಹಿತ್ತಲಲ್ಲಿ ನಾಲ್ಕು ಮಡಿ ಮಾಡಿ ಹರಿವೆ, ಮೂಲಂಗಿ ಹಾಕುವ ಆಸೆ.

ಹೋದ ವರ್ಷ ಹೊಸ ಬಡಾವಣೆಯವರೊಬ್ಬರು ತಂದ ಮಣ್ಣಿನ ಪಿಎಚ್ (ಹುಳಿ-ಕ್ಷಾರದ ಅಳತೆ; 7ಕ್ಕಿಂತ ಕೆಳಗೆ ಹುಳಿ, ಮೇಲೆ ಕ್ಷಾರ) 8.2 ಬಂತು. ನನಗೆ ಅನುಮಾನ. ಮಲೆನಾಡಿನ ಮಳೆಗೆ ಸುಣ್ಣದಂಶ ತೊಳೆದುಹೋಗಿ ನಮ್ಮ ಜಂಬಿಟ್ಟಿಗೆ ಮಣ್ಣು ಹುಳಿಯಾಗಿರುತ್ತದೆ. ಇದು ಎಲ್ಲಿಯದು?

"ಸೈಟು ತಗ್ಗಿತ್ತು ಸಾರ್, ಮಣ್ಣು ಹೊಡೆಸಿದ್ವಿ" ಅಂದರು.

ಹೋಗಿ ಗುದ್ದಲಿ ಹಾಕಿದರೆ ಅರ್ಧ ಅಡಿಗೇ ಇಟ್ಟಿಗೆ ಚೂರು, ಸಿಮೆಂಟ್ ಹೆಂಟೆ, ಹಸಿರು ಬಣ್ಣ ಚಕ್ಕೆ ಎದ್ದ ಕಿಟಕಿಯ ತುಂಡು. ಯಾರದೋ ಹಳೇ ಮನೆ ಕೆಡವಿದ ಕಸ.

ಪಿಎಚ್ ಏರಿಸಿದ್ದು ಸಿಮೆಂಟ್. ಅದು ಹೋಗಲಿ, ನನ್ನ ಚಿಂತೆ ಬಣ್ಣದ್ದು, ಅದರಲ್ಲಿರಬಹುದಾದ ವಿಷದ ಲೋಹ ಸೀಸದ್ದು. ಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷಕ್ಕೆ 90 ಭಾಗ) ದಾಟಬಾರದೆಂಬ ನಿಯಮ ನಮ್ಮಲ್ಲಿ ಜಾರಿಯಾದದ್ದೇ 2017ರಲ್ಲಿ. ಹೊಗೆಯಲ್ಲಿ ಮಣ್ಣಿಗೆ ಸೀಸ ಬೀಳಿಸುತ್ತಿದ್ದ ಸೀಸದ ಪೆಟ್ರೋಲ್ ನಿಂತದ್ದು 2000ದಲ್ಲಿ. ಸೀಸ ಕೊಳೆಯುವುದಿಲ್ಲ, ಬಿದ್ದಲ್ಲೇ ಮೇಲ್ಮಣ್ಣಲ್ಲಿ ಕೂತಿರುತ್ತದೆ. ಬಣ್ಣ ಬಳಿದ ಹಳೇ ಬಾಗಿಲು ಬಚ್ಚಲ ಒಲೆಗೆ ಹಾಕಿ, ಬೂದಿಯನ್ನು ಬಸಳೆ ಬುಡಕ್ಕೆ ಸುರಿಯುವವರೂ ಇದ್ದಾರೆ. ದಯವಿಟ್ಟು ಬೇಡ.

ಎಡವಟ್ಟಾಗುವುದು ರಿಪೋರ್ಟಿನಲ್ಲಿ. ಸರ್ಕಾರ ರೈತರಿಗೆ ಕೊಡುವ ಮಣ್ಣು ಆರೋಗ್ಯ ಕಾರ್ಡಿನಲ್ಲಿ 12 ಅಂಶ ನೋಡುತ್ತಾರೆ. ಸೀಸ ಅದರಲ್ಲಿಲ್ಲ. ಅದು ಹೊಲಕ್ಕೆಂದು ಮಾಡಿದ ಕಾರ್ಡು, ಅಲ್ವಾ? "ಚೆನ್ನಾಗಿದೆ" ಅಂತ ಬಂದರೆ ಗೊಬ್ಬರದ ಲೆಕ್ಕ ಚೆನ್ನಾಗಿದೆ ಅಂತಷ್ಟೇ. ಸೀಸದ ಪರೀಕ್ಷೆ ಬೇರೆಯಾಗಿ ಕೇಳಿ ಮಾಡಿಸಬೇಕು. ಹೊಲದ್ದಾದರೆ ಎಂಟು-ಹತ್ತು ಕಡೆ ಆರಿಂಚು ಆಳದ ಮಣ್ಣು ತೆಗೆದು ಕಲಸುತ್ತೇವೆ. ಹಿತ್ತಲಲ್ಲಿ ಗೋಡೆ ಬುಡದ ಮಣ್ಣನ್ನು ಮಾತ್ರ ಬೇರೆ ಇಡಿ. ಬಣ್ಣ ಉದುರುವುದು ಅಲ್ಲೇ. ಯೂರಿಯಾ ಚೀಲದಲ್ಲಿ ಸುಮ್ನೆ ತುಂಬಿ ತರಬೇಡಿ.

ಸೀಸ ಜಾಸ್ತಿ ಹೋಗುವುದು ಸೊಪ್ಪು, ಗೆಡ್ಡೆಗೆ. ಬೆಂಡೆ, ಬದನೆ, ಹೀರೆಯಂಥ ಕಾಯಿಗೆ ಕಡಿಮೆ. ಬೇರಿನಿಂದ ಏರುವುದಕ್ಕಿಂತ ಎಲೆಗೆ ಮೆತ್ತಿದ ಮಣ್ಣೇ ದೊಡ್ಡ ತಲೆನೋವು. ನಮ್ಮ ಮಳೆಯಲ್ಲಿ ಮಣ್ಣು ಸಿಡಿದು ಹರಿವೆ ಎಲೆಯ ಅಡಿಭಾಗ ಹೇಗೆ ಕೆಂಪಾಗುತ್ತದೆ ನೋಡಿ. ಬುಡಕ್ಕೆ ದಪ್ಪಗೆ ದರಗು ಹರವಿ. ಸೊಪ್ಪನ್ನು ಎರಡು-ಮೂರು ನೀರಲ್ಲಿ ತೊಳೆಯಿರಿ.

ಆ ಮನೆಯವರು ನೆಲಕ್ಕೆ ಹೀರೆ ಹಾಕಿದರು. ಹರಿವೆ ತಾರಸಿಯ ಕುಂಡಕ್ಕೆ ಹೋಯಿತು. ಕುಂಡದ ಮಣ್ಣು ಎಲ್ಲಿಯದು ಅಂತ ಕೇಳಿದೆ. "ತೀರ್ಥಹಳ್ಳಿ ಕಡೆ ನಮ್ಮ ಮಾವನ ಅಡಿಕೆ ತೋಟದ್ದು, ಒಳ್ಳೇ ಮಣ್ಣು" ಅಂದರು. ಕೊಳೆರೋಗಕ್ಕೆ ವರ್ಷಾ ವರ್ಷ ಬೋರ್ಡೋ (ಮೈಲುತುತ್ತ, ಸುಣ್ಣ ಕಲಸಿದ ದ್ರಾವಣ) ಹೊಡೆದ ತೋಟ. ಮೈಲುತುತ್ತದ ತಾಮ್ರ ನೆಲದಲ್ಲಿ ಸೇರುತ್ತಲೇ ಹೋಗುತ್ತದೆ. ತಾಮ್ರವಾದರೂ ಕಾರ್ಡಿನ 12ರಲ್ಲಿದೆ. ಅರ್ಧ ಕೆ.ಜಿ. ತನ್ನಿ ಅಂದೆ.