ಬೀದಿಗೆ ಹೊಗೆ ಯಾಕೆ ಹಾಕಿಲ್ಲ?

ಓದುಗರ ಪ್ರಶ್ನೆ: "ನಮ್ಮ ಕ್ರಾಸಿನಲ್ಲಿ ಇಬ್ಬರಿಗೆ ಡೆಂಗಿ ಆಗಿದೆ. ಫೋನ್ ಮಾಡಿ ಹೇಳಿ ನಾಲ್ಕು ದಿನ ಆಯ್ತು. ಹೊಗೆ ಹಾಕೋ ಗಾಡಿ ಇನ್ನೂ ಬಂದಿಲ್ಲ. ಆರೋಗ್ಯ ಇಲಾಖೆಯವರು ಏನು ಮಾಡ್ತಿದ್ದಾರೆ?"

ಮಳೆ ಶುರುವಾಯಿತು ಅಂದರೆ ಈ ಪ್ರಶ್ನೆ ಬಂದೇ ಬರುತ್ತದೆ. ಕಳೆದ ವರ್ಷವೂ ಉತ್ತರ ಬರೆದಿದ್ದೆ, ಅದರ ಹಿಂದಿನ ವರ್ಷವೂ. ಈ ಸಲ ಸ್ವಲ್ಪ ಉದ್ದವಾಗಿಯೇ ಬರೆದುಬಿಡುತ್ತೇನೆ. ಬೆಂಗಳೂರಿನಲ್ಲಿ 14 ವರ್ಷ ಮನೆ ಮನೆ ಸುತ್ತಿ ಲಾರ್ವಾ, ಅಂದರೆ ನೀರಿನಲ್ಲಿರುವ ಸೊಳ್ಳೆ ಮರಿಯ ಸರ್ವೇ ಮಾಡಿದವಳು ನಾನು. ಗೇಟು ತೆಗೆದ ಕೂಡಲೇ ಜನ ಕೇಳುತ್ತಿದ್ದ ಮೊದಲ ಮಾತು ಹೆಚ್ಚುಕಮ್ಮಿ ಒಂದೇ: "ಹೊಗೆ ಯಾವಾಗ ಮೇಡಂ?"

ಮೊದಲು ಚಿಕ್ಕ ಉತ್ತರ. ಇಲಾಖೆಯ ಕೆಲಸ ಶುರುವಾಗುವುದು ಲ್ಯಾಬಿನಲ್ಲಿ. ಜ್ವರ ಬಂದ ಮೊದಲ ಐದು ದಿನ ರಕ್ತದಲ್ಲಿ ವೈರಸ್ಸಿನ ಅಂಶ ಹುಡುಕುವ ಎನ್‌ಎಸ್1 ಪರೀಕ್ಷೆ, ಆಮೇಲಾದರೆ ವೈರಸ್ಸಿಗೆ ಎದುರಾಗಿ ಮೈ ತಯಾರಿಸುವ ಪ್ರತಿಕಾಯ ಹುಡುಕುವ ಐಜಿಎಂ. ಲ್ಯಾಬಿನಲ್ಲೇ ಮಾಡುವ ಎಲಿಸಾ ಎಂಬ ವಿಧಾನದಲ್ಲಿ ಪಾಸಿಟಿವ್ ಬಂದರೆ ಖಚಿತ ಪ್ರಕರಣ. ಹತ್ತು ನಿಮಿಷದ ಕಾರ್ಡ್ ಟೆಸ್ಟ್ ಇದೆಯಲ್ಲ, ಅದರ ಮೇಲೆ ಖಚಿತ ಅಂತ ಲೆಕ್ಕ ಹಿಡಿಯುವುದಿಲ್ಲ. ಆಸ್ಪತ್ರೆ, ಲ್ಯಾಬುಗಳು ಈ ಹೆಸರುಗಳನ್ನು ಐಎಚ್‌ಐಪಿ ಎಂಬ ಕೇಂದ್ರ ಸರ್ಕಾರದ ಪೋರ್ಟಲ್‌ಗೆ ಹಾಕುತ್ತವೆ. ಅಲ್ಲಿಂದ ಪಟ್ಟಿ ನಿಮ್ಮ ಏರಿಯಾದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಬರುತ್ತದೆ. ಪಟ್ಟಿ ಹಿಡಿದು ಆಶಾ ಕಾರ್ಯಕರ್ತೆ, ಆರೋಗ್ಯ ನಿರೀಕ್ಷಕರು ರೋಗಿಯ ಮನೆಗೆ ಹೋಗುತ್ತಾರೆ. ಅಕ್ಕಪಕ್ಕದ ಮನೆಗಳಲ್ಲಿ ಯಾರಿಗಾದರೂ ಜ್ವರ ಇದೆಯಾ ಅಂತ ಕೇಳುತ್ತಾರೆ. ನೀರು ನಿಂತ ಜಾಗವನ್ನೆಲ್ಲ ಟಾರ್ಚ್ ಬಿಟ್ಟು ನೋಡುತ್ತಾರೆ. ಹೊಗೆಯ ಸರದಿ ಬಂದರೆ, ಇಷ್ಟೆಲ್ಲ ಆದ ಮೇಲೆ.

ಈಗ ಆ ಹೊಗೆಯ ವಿಷಯಕ್ಕೇ ಬರೋಣ.

ಹೊಗೆ ಹಾಕಿದರೆ ಡೆಂಗಿ ನಿಲ್ಲುತ್ತದೆ ಅನ್ನುವ ನಂಬಿಕೆ ನಮ್ಮ ಊರಿನಲ್ಲಿ ಎಷ್ಟು ಗಟ್ಟಿಯಾಗಿದೆ ಅಂದರೆ, ಓದಿದವರು, ಓದದವರು ಅಂತ ಭೇದವೇ ಇಲ್ಲ. ಗಾಡಿ ಬಂದಾಗ ಏನಾಗುತ್ತದೆ, ನೆನಪು ಮಾಡಿಕೊಳ್ಳಿ. ಬುರ್ ಅಂತ ಸದ್ದು ಕೇಳಿದ ತಕ್ಷಣ ನೀವು ಏನು ಮಾಡುತ್ತೀರಿ? ಓಡಿಹೋಗಿ ಕಿಟಕಿ ಮುಚ್ಚುತ್ತೀರಿ, ಅಲ್ವಾ? ಡೆಂಗಿ ಹರಡುವ ಈಡಿಸ್ ಸೊಳ್ಳೆ ಆ ಹೊತ್ತಿಗೆ ಮನೆಯೊಳಗೇ ಇರುತ್ತದೆ. ಮಂಚದ ಕೆಳಗೆ, ಪರದೆಯ ಹಿಂದೆ, ಗೂಟಕ್ಕೆ ನೇತುಹಾಕಿದ ಪ್ಯಾಂಟಿನ ಮಡಿಕೆಯಲ್ಲಿ. ಹೊಗೆಯಲ್ಲಿರುವ ಔಷಧಿಯ ಹನಿ ಹಾರುವ ಸೊಳ್ಳೆಯ ಮೈಗೆ ತಾಗಿದರೆ ಮಾತ್ರ ಅದು ಸಾಯುತ್ತದೆ. ಬೀದಿಯಲ್ಲಿ ಹೊಗೆ, ಮನೆಯೊಳಗೆ ಸೊಳ್ಳೆ, ನಡುವೆ ನೀವೇ ಮುಚ್ಚಿದ ಕಿಟಕಿ.

ಸರಿ, ಒಂದಷ್ಟು ಸತ್ತವು ಅಂತಲೇ ಇಟ್ಟುಕೊಳ್ಳೋಣ. ಹೆಣ್ಣು ಈಡಿಸ್ ಒಂದು ಸಲಕ್ಕೆ ಸುಮಾರು 100 ಮೊಟ್ಟೆ ಇಡುತ್ತದೆ. ಇಡುವುದು ಡ್ರಮ್ಮಿನ ಒಳಗೋಡೆಗೆ, ನೀರಿನ ಮಟ್ಟಕ್ಕಿಂತ ಸ್ವಲ್ಪ ಮೇಲೆ, ಅಂಟಿಸಿದ ಹಾಗೆ. ನೀರು ಖಾಲಿಯಾದರೂ ಆ ಮೊಟ್ಟೆಗಳು ತಿಂಗಳುಗಟ್ಟಲೆ ಒಣಗಿಕೊಂಡೇ ಬದುಕಿರುತ್ತವೆ. ಮತ್ತೆ ನೀರು ತಾಗಿದರೆ ಒಡೆಯುತ್ತವೆ. ಮೊಟ್ಟೆ ಒಡೆದು ಸೊಳ್ಳೆಯಾಗಿ ಹಾರಲು ಏಳರಿಂದ ಹತ್ತು ದಿನ ಸಾಕು. ನೀರಿನಲ್ಲಿರುವ ಮರಿಗೂ, ಗೋಡೆಗೆ ಅಂಟಿದ ಮೊಟ್ಟೆಗೂ ಹೊಗೆಯಿಂದ ಏನೇನೂ ಆಗುವುದಿಲ್ಲ. ಇವತ್ತು ಹೊಗೆ ಹಾಕಿ, ನಾಳೆಯೇ ಹೊಸ ಸೊಳ್ಳೆ ಎದ್ದು ಬರುತ್ತದೆ. ಅದಕ್ಕೇ ಬರೀ ನೀರು ಚೆಲ್ಲಿದರೆ ಸಾಲದು, ಡ್ರಮ್ಮಿನ ಒಳಗೋಡೆಯನ್ನು ಬ್ರಷ್ ಹಾಕಿ ಉಜ್ಜಬೇಕು. ವಾರಕ್ಕೊಮ್ಮೆ ಅಂತ ನಾವು ಬಡಕೊಳ್ಳುವುದು ಆ ಏಳು ದಿನದ ಲೆಕ್ಕಕ್ಕಾಗಿಯೇ.

"ಆದರೆ ಹೊಗೆ ಹಾಕಿದ ರಾತ್ರಿ ಸೊಳ್ಳೆ ಕಮ್ಮಿ ಇರುತ್ತಲ್ಲ ಮೇಡಂ?" ಇರುತ್ತದೆ. ಕಮ್ಮಿಯಾಗುವುದು ಮೋರಿಯ ಸೊಳ್ಳೆ, ಕ್ಯುಲೆಕ್ಸ್. ರಾತ್ರಿ ಕಿವಿ ಹತ್ತಿರ ಗುಂಯ್ ಅನ್ನುವುದು ಅದೇ. ಅದು ಡೆಂಗಿ ಹರಡುವುದಿಲ್ಲ. ಈಡಿಸ್ ಕಚ್ಚುವುದು ಹಗಲಿನಲ್ಲಿ, ಬೆಳೆಯುವುದು ತಿಳಿ ನೀರಿನಲ್ಲಿ. ರಾಜಕಾಲುವೆ ಕ್ಲೀನ್ ಆಗಬೇಕು, ಅದಕ್ಕೆ ಬೇರೆ ನೂರು ಕಾರಣ ಇವೆ. ಡೆಂಗಿಗೆ ಮಾತ್ರ ನಿಮ್ಮ ಮನೆಯ ಸಂಪು, ಡ್ರಮ್ಮು ನೋಡಬೇಕು. ಕಾವೇರಿ ನೀರು ದಿನ ಬಿಟ್ಟು ದಿನ ಬರುವ ಊರು ನಮ್ಮದು, ಹಿಡಿದಿಡದೆ ಯಾರಿಗೂ ಆಗುವುದಿಲ್ಲ. ಹಿಡಿದಿಡಿ, ಆದರೆ ಬಿಗಿಯಾಗಿ ಮುಚ್ಚಿ. ಮುಚ್ಚಳ ಇಲ್ಲವಾ? ಹಳೇ ಪಂಚೆ ಹೊದಿಸಿ ಹಗ್ಗ ಕಟ್ಟಿ.

ಒಂದು ಮನೆಯ ಕತೆ ಹೇಳುತ್ತೇನೆ. ಮತ್ತಿಕೆರೆ ಕಡೆ, ಮೊಮ್ಮಗನಿಗೆ ಡೆಂಗಿ. ಅಜ್ಜಿ ಹೊಗೆಗಾಗಿ ಎಷ್ಟೋ ಸಲ ಫೋನ್ ಮಾಡಿದ್ದರು. ಮನೆ ಕನ್ನಡಿಯ ಹಾಗೆ ಇತ್ತು. ತುಳಸಿ ಕಟ್ಟೆ ಒಣಗಿತ್ತು, ಸಂಪಿನ ಮೇಲೆ ಮುಚ್ಚಳವಿತ್ತು, ಹೂದಾನಿಯಲ್ಲಿ ಪ್ಲಾಸ್ಟಿಕ್ ಹೂವು. "ನೋಡಮ್ಮ, ನಮ್ಮನೇಲಿ ಏನೂ ಇಲ್ಲ, ಎಲ್ಲಾ ಆ ಮೋರಿಯಿಂದಲೇ" ಅಂದರು. ನಾನು ಫ್ರಿಡ್ಜನ್ನು ಸ್ವಲ್ಪ ಮುಂದಕ್ಕೆ ಎಳೆದೆ. ಹಿಂಬದಿಯ ಕೆಳಗೆ ಒಂದು ಟ್ರೇ ಇರುತ್ತದೆ, ಕರಗಿದ ನೀರು ಅದರಲ್ಲಿ ನಿಲ್ಲುತ್ತದೆ. ಎರಡು ಬೆರಳಿನಷ್ಟು ನೀರು. ಟಾರ್ಚ್ ಬಿಟ್ಟೊಡನೆ ಮೇಲೆ ತೇಲುತ್ತಿದ್ದ ಮರಿಗಳೆಲ್ಲ ಬಾಲ ಬಳುಕಿಸಿಕೊಂಡು ತಳಕ್ಕೆ ಇಳಿದವು. ಅಜ್ಜಿ ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿದರು. ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಟ್ರೇ ಎಳೆದುಕೊಂಡು ತಾವೇ ಮಹಡಿಗೆ ಹೋಗಿ ಬಿಸಿಲಿಗೆ ಚೆಲ್ಲಿದರು. ಮುಂದಿನ ವಾರ ಆ ಬೀದಿಯ ಮನೆಗಳಲ್ಲೆಲ್ಲ ಫ್ರಿಡ್ಜ್ ಎಳೆಸಿದ್ದು ಅವರೇ. ಅಂಥವರು ಬೀದಿಗೊಬ್ಬರು ಸಿಕ್ಕರೆ ನಮ್ಮ ಅರ್ಧ ಕೆಲಸ ಮುಗಿದ ಹಾಗೆ.

ಹೀಗೆ ನೋಡಿದ್ದನ್ನೆಲ್ಲ ಬರೆದುಕೊಳ್ಳುತ್ತೇವೆ. 50 ಮನೆ ನೋಡಿ 4 ಮನೆಯಲ್ಲಿ ಮರಿ ಸಿಕ್ಕರೆ, 100 ಮನೆಗೆ 8, ಅದು ಹೌಸ್ ಇಂಡೆಕ್ಸ್. ಆ 4 ಮನೆಯಲ್ಲಿ ಒಟ್ಟು 6 ಪಾತ್ರೆಗಳಲ್ಲಿ ಮರಿ ಇದ್ದರೆ, 100 ಮನೆಗೆ 12, ಅದು ಬ್ರೆಟೊ ಇಂಡೆಕ್ಸ್. ಯಾವ ಬೀದಿಗೆ ಮೊದಲು ಓಡಬೇಕು ಅಂತ ಹೇಳುವುದು ಈ ಸಂಖ್ಯೆಗಳು.

ಹಾಗಾದರೆ ಹೊಗೆ ಬೇಡವೇ ಬೇಡವಾ? ಬೇಕು, ಹತ್ತಿರ ಹತ್ತಿರದ ಮನೆಗಳಲ್ಲಿ ಕೇಸು ಒಟ್ಟಾದಾಗ. ಒಮ್ಮೆ ವೈರಸ್ ಹೊಕ್ಕ ಸೊಳ್ಳೆ ಸಾಯುವವರೆಗೂ ಅದನ್ನು ಹರಡುತ್ತದೆ, ಅಂಥವನ್ನು ಬೇಗ ಕೊಲ್ಲಲು ಮನೆಯೊಳಗೆ ಔಷಧಿ ಸಿಂಪಡಣೆ, ಹೊರಗೆ ಹೊಗೆ. ಅದೂ ನೀರು ಚೆಲ್ಲುವ ಕೆಲಸದ ಜೊತೆಗೆ. ಸುಮ್ನೆ ಸಮಾಧಾನಕ್ಕೆ ಅಂತ ಪದೇ ಪದೇ ಹಾಕಿದರೆ ಸೊಳ್ಳೆಗಳು ಔಷಧಿಗೆ ಒಗ್ಗಿಹೋಗುತ್ತವೆ, ನಿಜವಾಗಿ ಬೇಕಾದ ದಿನ ಕೆಲಸ ಮಾಡುವುದಿಲ್ಲ. ಇನ್ನು ಮನೆಯಲ್ಲಿ ಸೊಳ್ಳೆ ಬೆಳೆಯಲು ಬಿಟ್ಟವರಿಗೆ ದಂಡ ಕೂಡ ಇದೆ. 2024ರಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗ ಕಾಯ್ದೆಯಡಿ ತಂದು, ಸೊಳ್ಳೆ ಬೆಳೆಸಿಕೊಂಡ ನಗರದ ಮನೆಗೆ 400 ರೂಪಾಯಿ, ಕಟ್ಟಡ ಕಟ್ಟುವ ಸೈಟಿಗೆ 2000 ರೂಪಾಯಿ ಅಂತ ಗೊತ್ತುಮಾಡಿತು.

ಕಾಯಿಲೆ ಬರುವ ಮೊದಲೇ ಹುಡುಕುವುದೂ ಉಂಟು. 2023ರಲ್ಲಿ ಶಿಡ್ಲಘಟ್ಟ ತಾಲ್ಲೂಕಿನ ತಲಕಾಯಲಬೆಟ್ಟದಲ್ಲಿ ಹಿಡಿದ ಸೊಳ್ಳೆಗಳಲ್ಲಿ ಝೀಕಾ ವೈರಸ್ ಸಿಕ್ಕಿತು, ಇದನ್ನೂ ಹರಡುವುದು ಈಡಿಸ್ಸೇ. ಸುತ್ತಲಿನ ಹಳ್ಳಿಗಳಲ್ಲಿ ಜ್ವರ ಬಂದವರ, ಗರ್ಭಿಣಿಯರ ರಕ್ತದ ಮಾದರಿ ತೆಗೆದರು. ಬೆಂಗಳೂರಿನಿಂದ ಅದೇನು ದೂರ? ಅಲ್ಲಿ ಮೊದಲು ಸಿಕ್ಕಿಬಿದ್ದದ್ದು ಸೊಳ್ಳೆ, ರೋಗಿ ಅಲ್ಲ. ಇಂಥ ಕೆಲಸ ನೋಡಿದರೆ ನನಗೆ ಹೆಮ್ಮೆಯಾಗುತ್ತದೆ.

ಇನ್ನೊಂದು ಪ್ರಶ್ನೆಯನ್ನು ನನಗೆ ಯಾರೂ ಕೇಳುವುದಿಲ್ಲ: ಲ್ಯಾಬಿನವರು ಅಷ್ಟು ವಿವರವಾಗಿ ವಿಳಾಸ ಯಾಕೆ ಬರೆಸಿಕೊಳ್ಳುತ್ತಾರೆ? ಆ ವಿಳಾಸ ಹಿಡಿದೇ ನಾವು ರೋಗಿಯ ಮನೆ ಹುಡುಕುವುದು, ಅದು ಸಿಗದಿದ್ದರೆ ಕೆಲಸ ಅಲ್ಲೇ ನಿಂತಿತು. 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂದಾಗ ಜನ ರೋಗಿಗಳನ್ನು ಮುಚ್ಚಿಟ್ಟರು. ಹೇಳಿದರೆ ಮನೆಯವರನ್ನೆಲ್ಲ ಊರ ಹೊರಗಿನ ಶಿಬಿರಕ್ಕೆ ಕಳಿಸುತ್ತಾರೆ ಅನ್ನುವ ಭಯ. ಮಲ್ಲೇಶ್ವರ, ಬಸವನಗುಡಿಯ ನೇರ ಬೀದಿಗಳು, ಕಸ, ಮಲ ಸಾಗಿಸಲು ಮನೆಗಳ ಹಿಂದೆ ಬಿಟ್ಟ ಕನ್ಸರ್ವೆನ್ಸಿ ಗಲ್ಲಿಗಳು ಆ ಕಾಲದ ಪಾಠ. ಈಗ ಶಿಬಿರವೂ ಇಲ್ಲ, ಭಯವೂ ಇಲ್ಲ. ಆದರೂ ವಿಳಾಸ ತಪ್ಪಾಗುತ್ತದೆ. ಒಬ್ಬ ಪಿಜಿ ಹುಡುಗ ಆಧಾರ್ ಕಾರ್ಡಿನಲ್ಲಿದ್ದ ಊರಿನ ವಿಳಾಸ ಕೊಟ್ಟಿದ್ದ. ಅವನ ಹೆಸರು ಹಾಸನ ಜಿಲ್ಲೆಯ ಪಟ್ಟಿಗೆ ಹೋಯಿತು. ಅಲ್ಲಿನ ಆಶಾ ಕಾರ್ಯಕರ್ತೆ ಅವನ ಅಪ್ಪ ಅಮ್ಮನ ಮನೆಯ ತೊಟ್ಟಿ ನೋಡಿ ಬಂದರು. ನಾವು ಪಿಜಿ ಮುಟ್ಟುವಷ್ಟರಲ್ಲಿ ಎರಡು ವಾರ ಕಳೆದಿತ್ತು, ಇನ್ನೂ ಮೂವರು ಮಲಗಿದ್ದರು. ಟೆರೇಸಿನಲ್ಲಿ ಮುಚ್ಚಳವಿಲ್ಲದ ಎರಡು ಡ್ರಮ್ಮು ಸಿಕ್ಕವು.

ಜ್ವರ ಬಂದ ಆ ವಾರ ನೀವು ಎಲ್ಲಿ ಮಲಗಿದ್ದಿರೋ ಆ ಮನೆಯ ವಿಳಾಸ ಬರೆಸಿ. ಪ್ರಶ್ನೆ ಕೇಳಿದ ಓದುಗರೇ, ನಿಮ್ಮ ಕ್ರಾಸಿನ ಆ ಇಬ್ಬರು ಯಾವ ವಿಳಾಸ ಕೊಟ್ಟಿದ್ದಾರೆ, ಇವತ್ತೇ ಒಮ್ಮೆ ವಿಚಾರಿಸಿ.